ಹಿಮಕುಸಿತ: ಇಳಿಜಾರಿನ ಹಿಮ ಏಕೆ ಜಾರುತ್ತದೆ, ಯಾವಾಗ ಜಾರುತ್ತದೆ?

ಚಳಿಗಾಲದಲ್ಲಿ ಕಾಶ್ಮೀರದ ಸುದ್ದಿಗಳ ನಡುವೆ ಒಂದು ಎಚ್ಚರಿಕೆ ಪದೇ ಪದೇ ಬರುತ್ತದೆ. ಬಾರಾಮುಲ್ಲಾ, ಕುಪ್ವಾರಾ, ಬಂಡಿಪೋರಾ, ಗಾಂದರ್‌ಬಲ್ ಮುಂತಾದ ಜಿಲ್ಲೆಗಳಲ್ಲಿ ಇಷ್ಟು ಮೀಟರಿಗಿಂತ ಎತ್ತರದ ಜಾಗಗಳಲ್ಲಿ ಮುಂದಿನ 24 ಗಂಟೆ ಹಿಮಕುಸಿತದ ಅಪಾಯವಿದೆ ಎಂಬುದು ಅದರ ಸಾರ. ಸ್ಕೀಯಿಂಗ್ ಕಲಿಯಲು ಗುಲ್ಮಾರ್ಗ್‌ಗೋ ಔಲಿಗೋ ಹೊರಡುವ, ಚಳಿಗಾಲದ ಚಾರಣಕ್ಕೆ ಉತ್ತರಾಖಂಡದ ಬಸ್ ಹತ್ತುವ ಕನ್ನಡಿಗರಿಗೆ ಇದು ಈಗ ದೂರದ ಊರಿನ ಸುದ್ದಿಯಲ್ಲ. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡವೊಂದು ದ್ರೌಪದಿ ಕಾ ದಾಂಡಾ-2 ಶಿಖರ ಏರುವಾಗ ಹಿಮಕುಸಿತಕ್ಕೆ ಸಿಕ್ಕಿತು. ಬಲಿಯಾದವರಲ್ಲಿ ಬೆಂಗಳೂರಿನವರೂ ಇದ್ದರು.

ಗುಲ್ಮಾರ್ಗ್‌ನಲ್ಲಿ ಈ ಅಪಾಯದ ಹತ್ತಿರ ಹೋಗಲು ಹೆಚ್ಚು ಶ್ರಮವೂ ಬೇಡ. ಸುಮಾರು 2,650 ಮೀಟರ್ ಎತ್ತರದ ಆ ಊರಿನಿಂದ ಗೊಂಡೊಲ (ಕೇಬಲ್ ಕಾರ್) ಏರಿದರೆ, ಎರಡು ಹಂತಗಳಲ್ಲಿ ಅಫರ್ವಟ್ ಬೆಟ್ಟದ ಮೇಲೆ, 3,900 ಮೀಟರಿಗೂ ಎತ್ತರದಲ್ಲಿ ಇಳಿಯಬಹುದು. ಗೊಂಡೊಲದ ಆಸುಪಾಸಿನ ಮುಖ್ಯ ಇಳಿಜಾರನ್ನು ಗಸ್ತು ತಂಡ ನೋಡಿಕೊಳ್ಳುತ್ತದೆ. ಹೊಸ ಹಿಮ ಬಿದ್ದಾಗ ಸ್ಫೋಟಕ ಬಳಸಿ ಅದನ್ನು ಮೊದಲೇ ಬೀಳಿಸಿ, ಆಮೇಲೆ ಜನರನ್ನು ಬಿಡುತ್ತದೆ. ಆದರೆ ಇಳಿದವರು ಅಲ್ಲಿಂದ ಪಕ್ಕಕ್ಕೆ ಸ್ವಲ್ಪ ದೂರ ಸಾಗಿದರೂ ಈ ಕಾವಲು ಮುಗಿಯುತ್ತದೆ. ಕಾವಲಿಲ್ಲದ, ಯಾರೂ ಸಿದ್ಧಪಡಿಸದ ಈ ಹಿಮಪ್ರದೇಶಕ್ಕೆ ಸ್ಕೀ ಮಾಡುವವರು ಬ್ಯಾಕ್‌ಕಂಟ್ರಿ ಎನ್ನುತ್ತಾರೆ. ಯಾರೂ ತುಳಿಯದ ಮೃದುವಾದ ಹಿಮ ಅಲ್ಲಿಯೇ ಸಿಗುವುದರಿಂದ ನುರಿತವರನ್ನು ಸೆಳೆಯುವುದೂ ಅದೇ ಜಾಗ. 2023ರ ಫೆಬ್ರವರಿ 1ರಂದು ಅಫರ್ವಟ್‌ನ ಹಾಪತ್‌ಖುಡ್ ಭಾಗದಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿ 22ರಂದು ಖಿಲನ್‌ಮರ್ಗ್ ಬಳಿ ರಷ್ಯಾದ ಒಬ್ಬ ಸ್ಕೀಯರ್ ಹಿಮಕುಸಿತದಲ್ಲಿ ಸತ್ತರು. ಅದೇ ಖಿಲನ್‌ಮರ್ಗ್‌ನಲ್ಲಿ 2010ರ ಫೆಬ್ರವರಿಯಲ್ಲಿ ಸೇನೆಯ ಪರ್ವತಯುದ್ಧ ಶಾಲೆಯ ಕನಿಷ್ಠ 17 ಯೋಧರು ಪ್ರಾಣ ಕಳೆದುಕೊಂಡಿದ್ದರು.

ಇಂಥ ಸುದ್ದಿ ಓದಿದಾಗ ಬೆಟ್ಟವೇ ಇದ್ದಕ್ಕಿದ್ದಂತೆ ಮೈಮೇಲೆ ಬಿತ್ತು ಎನಿಸುತ್ತದೆ. ವಾಸ್ತವ ಹೆಚ್ಚಾಗಿ ಬೇರೆಯೇ ಇರುತ್ತದೆ. ಸ್ಕೀ ಅಥವಾ ಚಾರಣದವರು ಸಾಯುವ ಹಿಮಕುಸಿತಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತನ್ನು ಶುರುಮಾಡಿದವರು ಸತ್ತವರೇ, ಇಲ್ಲವೇ ಅವರ ಜೊತೆಗಾರರು. ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆ ಒಬ್ಬ ಮನುಷ್ಯನ ಭಾರಕ್ಕೆ ಇಡೀ ಇಳಿಜಾರು ಜಾರುವಂಥ ಸ್ಥಿತಿ ಹೇಗೆ ಬರುತ್ತದೆ ಎಂಬುದು.

## ಬಿದ್ದ ಹಿಮ ಸುಮ್ಮನಿರುವುದಿಲ್ಲ

ಹಿಮಾಲಯದ ಚಳಿಗಾಲದ ಹಿಮವನ್ನು ಹೆಚ್ಚಾಗಿ ತರುವುದು ಮೆಡಿಟರೇನಿಯನ್ ಕಡೆಯಿಂದ ಸಾಗಿಬರುವ, ಪಶ್ಚಿಮದ ಪ್ರಕ್ಷುಬ್ಧತೆಗಳು ಎಂಬ ಬಿರುಗಾಳಿ ವ್ಯವಸ್ಥೆಗಳು. ಹವಾಮಾನ ವರದಿಗಳಲ್ಲಿ ಈ ಹೆಸರು ಕೇಳಿರುತ್ತೀರಿ. ಪ್ರತಿಯೊಂದೂ ಬಂದಾಗ ಹಿಮದ ಒಂದು ಪದರ ಬೀಳುತ್ತದೆ. ನಡುವೆ ಬಿಸಿಲು, ಗಾಳಿ, ಕೊರೆಯುವ ರಾತ್ರಿಗಳು. ಆಮೇಲೆ ಇನ್ನೊಂದು ಪದರ. ಹೀಗೆ ನವೆಂಬರಿನಿಂದ ಏಪ್ರಿಲ್‌ವರೆಗೆ ನೆಲದ ಮೇಲೆ ಬೆಳೆಯುವ ಒಟ್ಟು ರಾಶಿಯೇ ಹಿಮದ ಹಾಸು. ಮೇಲಿನಿಂದ ನೋಡಿದರೆ ಎಲ್ಲವೂ ಒಂದೇ ಬಿಳುಪು. ಸಲಿಕೆಯಿಂದ ನೇರವಾಗಿ ಕಡಿದು ನೋಡಿದರೆ ಗಟ್ಟಿ, ಮೃದು, ಒದ್ದೆ, ಪುಡಿ ಎಂದು ಪದರಗಳು ಕಾಣುತ್ತವೆ. ಯಾವ ವಾರ ಮಳೆ ಬೆರೆತಿತ್ತು, ಯಾವಾಗ ಗಾಳಿ ಬೀಸಿತ್ತು ಎಂಬುದು ಅಲ್ಲಿ ದಾಖಲಾಗಿರುತ್ತದೆ.

ಪದರಗಳು ಬಿದ್ದ ಹಾಗೆಯೇ ಉಳಿಯುವುದಿಲ್ಲ ಎಂಬುದು ಇಲ್ಲಿನ ಮುಖ್ಯ ಸಂಗತಿ. ಹಿಮದ ಹಾಸಿನ ತಳ ನೆಲಕ್ಕೆ ತಾಗಿರುವುದರಿಂದ ಅಲ್ಲಿನ ಉಷ್ಣತೆ ಸಾಮಾನ್ಯವಾಗಿ 0 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಇರುತ್ತದೆ. ಮೇಲ್ಮೈ ಮಾತ್ರ ಮೋಡವಿಲ್ಲದ ರಾತ್ರಿ ಮೈನಸ್ 15ಕ್ಕೂ ಇಳಿಯಬಹುದು. ಆಗ ತಳದ ಬೆಚ್ಚನೆಯ ಭಾಗದಿಂದ ನೀರಾವಿ ಹಿಮದ ಕಣಗಳ ಸಂದಿಯಲ್ಲಿ ಮೇಲಕ್ಕೆ ಸಾಗುತ್ತದೆ, ತಣ್ಣನೆಯ ಕಣಗಳ ಮೇಲೆ ಮತ್ತೆ ಹೆಪ್ಪುಗಟ್ಟುತ್ತದೆ. ಈ ಪಯಣ ನಿಧಾನವಾಗಿದ್ದರೆ ಕಣಗಳು ದುಂಡಗಾಗಿ ಒಂದಕ್ಕೊಂದು ಬೆಸೆದುಕೊಂಡು ಹಿಮ ಗಟ್ಟಿಯಾಗುತ್ತದೆ. ವೇಗವಾಗಿದ್ದರೆ ಚೂಪುಮೂಲೆಗಳ ದೊಡ್ಡ ಹರಳುಗಳು ಬೆಳೆಯುತ್ತವೆ. ಅವು ಪರಸ್ಪರ ಅಂಟುವುದಿಲ್ಲ. ಅಂಥ ಹಿಮವನ್ನು ಬೊಗಸೆಯಲ್ಲಿ ಹಿಸುಕಿದರೆ ಉಂಡೆಯಾಗದೆ ಬೆರಳ ಸಂದಿಯಿಂದ ಸುರಿದುಹೋಗುತ್ತದೆ.

ವೇಗ ಎಷ್ಟಿದ್ದರೆ ಅಪಾಯ? 10 ಸೆಂಟಿಮೀಟರ್ ಆಳಕ್ಕೆ 1 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಹಿಮ ಸಡಿಲವಾಗುತ್ತ ಹೋಗುತ್ತದೆ ಎಂಬುದು ತಜ್ಞರು ಬಳಸುವ ಸ್ಥೂಲ ಲೆಕ್ಕ. ಮೇಲೆ ಮೈನಸ್ 15, ಕೆಳಗೆ 0 ಇದ್ದು ಹಿಮ 2 ಮೀಟರ್ ದಪ್ಪವಿದ್ದರೆ ಪ್ರತಿ 10 ಸೆಂಟಿಮೀಟರಿಗೆ ವ್ಯತ್ಯಾಸ 0.75 ಡಿಗ್ರಿ. ಅದೇ ರಾತ್ರಿ, ಹಿಮ ಅರ್ಧ ಮೀಟರ್ ಮಾತ್ರ ಇದ್ದರೆ 3 ಡಿಗ್ರಿ. ಅಂದರೆ ಕಡಿಮೆ ಹಿಮ ಬಿದ್ದ ವರ್ಷ ಸುರಕ್ಷಿತ ಎಂಬ ಊಹೆ ತಲೆಕೆಳಗು. ತೆಳುವಾದ ಹಾಸು, ಚಳಿ, ಶುಭ್ರ ಆಕಾಶ, ಈ ಮೂರು ಸೇರಿದರೆ ತಳ ಕೊಳೆಯತೊಡಗುತ್ತದೆ.

ಇನ್ನೊಂದು ಬಗೆಯ ದುರ್ಬಲ ಪದರ ಮೇಲ್ಮೈಯಲ್ಲೇ ಹುಟ್ಟುತ್ತದೆ. ಗಾಳಿಯಿಲ್ಲದ ಶುಭ್ರ ರಾತ್ರಿಗಳಲ್ಲಿ ಗಾಳಿಯ ತೇವ ಹಿಮದ ಮೇಲೆ ಗರಿಗಳ ಆಕಾರದಲ್ಲಿ ಹೆಪ್ಪುಗಟ್ಟುತ್ತದೆ. ಬೆಳಗಿನ ಬಿಸಿಲಿಗೆ ಮಿನುಗುವ ಈ ಇಬ್ಬನಿ ಹರಳುಗಳನ್ನು ನೋಡಲು ಚೆಂದ. ಫೋಟೊ ತೆಗೆಯುವವರೂ ಬಹಳ. ಅದರ ಮೇಲೆ ಹೊಸ ಹಿಮ ಮೆಲ್ಲನೆ ಬಿದ್ದು ಮುಚ್ಚಿತೆಂದರೆ, ನಿಂತ ಗರಿಗಳು ಹಾಗೆಯೇ ಒಳಗೆ ಉಳಿದು ವಾರಗಟ್ಟಲೆ ತೊಂದರೆ ಕೊಡುತ್ತವೆ.

## ಹಲಗೆಯೊಂದು ಕಳಚಿದಾಗ

ಹಿಮಕುಸಿತದಲ್ಲಿ ಎರಡು ಮುಖ್ಯ ಬಗೆಗಳಿವೆ. ಒಂದು ಸಡಿಲ ಹಿಮದ್ದು. ಒಂದು ಬಿಂದುವಿನಲ್ಲಿ ಶುರುವಾಗಿ ಕೆಳಗೆ ಅಗಲವಾಗುತ್ತ ಹೋಗುತ್ತದೆ, ಸಾಮಾನ್ಯವಾಗಿ ಚಿಕ್ಕದು. ಸ್ಕೀ ಮಾಡುವವರನ್ನು ಹೆಚ್ಚಾಗಿ ಕೊಲ್ಲುವುದು ಎರಡನೆಯದು, ಹಲಗೆಯಂತೆ ಒಟ್ಟಾಗಿ ಕಳಚುವ ಹಿಮ. ಬೆಟ್ಟದಲ್ಲಿ ಅಡ್ಡಲಾಗಿ ಕತ್ತರಿಸಿದಂಥ ಚೂಪಾದ ಅಂಚು ಉಳಿದಿದ್ದರೆ ಅದು ಈ ಬಗೆಯದೆಂದು ಗೊತ್ತಾಗುತ್ತದೆ.

ನಯವಾದ ಇಳಿಜಾರು ನೆಲದ ಮೇಲೆ ರಾಗಿ ಚೆಲ್ಲಿ, ಅದರ ಮೇಲೆ ಒಂದು ಮರದ ಹಲಗೆ ಇಟ್ಟಿದ್ದೀರಿ ಎಂದುಕೊಳ್ಳಿ. ಹಲಗೆಯನ್ನು ಹಿಡಿದಿರುವುದು ಅಂಚಿನಲ್ಲಿನ ಒಂದೆರಡು ಮೊಳೆ, ಕೆಳಗಿನ ಕಾಳುಗಳ ಅಲ್ಪಸ್ವಲ್ಪ ಘರ್ಷಣೆ, ಅಷ್ಟೇ. ಹಲಗೆ ಎಷ್ಟೇ ಗಟ್ಟಿಯಾಗಿರಲಿ, ಜಾರುವುದನ್ನು ಅದರ ಗಟ್ಟಿತನ ತಡೆಯುವುದಿಲ್ಲ. ಬದಲಿಗೆ ಗಟ್ಟಿಯಿರುವುದರಿಂದಲೇ ಅದು ತುಂಡಾಗದೆ ಇಡಿಯಾಗಿ ಹೊರಡುತ್ತದೆ. ಬೆಟ್ಟದಲ್ಲಿ ರಾಗಿಯ ಜಾಗದಲ್ಲಿ ಇರುವುದು ಅಂಟದ ಹರಳುಗಳ ಪದರ. ಹಲಗೆಯ ಜಾಗದಲ್ಲಿ ಇರುವುದು ಮೇಲೆ ಬಿದ್ದು ಬೆಸೆದುಕೊಂಡ ಹೊಸ ಹಿಮ.

ಸ್ಕೀಯರ್ ಆ ಹಲಗೆಯ ಮೇಲೆ ಬಂದಾಗ ಅವನ ಭಾರ ಕೆಳಗಿನ ದುರ್ಬಲ ಪದರವನ್ನು ಒಂದು ಕಡೆ ಕುಸಿಯುವಂತೆ ಮಾಡುತ್ತದೆ. ಅಲ್ಲಿ ಹುಟ್ಟಿದ ಬಿರುಕು ಆ ಪದರದ ಉದ್ದಕ್ಕೂ ಓಡುತ್ತದೆ, ಅದೂ ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ. ಕೆಲವು ದೊಡ್ಡ ಕುಸಿತಗಳಲ್ಲಿ 100 ಮೀಟರನ್ನೂ ದಾಟುತ್ತದೆ. ಬಿರುಕು ಓಡಿದ ಮೇಲೆ ಇಡೀ ಹಲಗೆಗೆ ಆಧಾರವಿಲ್ಲ. ಸ್ಕೀಯರ್ ಅದರ ನಡುವೆ ನಿಂತಿರುವುದರಿಂದ ತಲೆಯ ಮೇಲೆ, ಎಡಬಲಕ್ಕೆ, ಎಲ್ಲ ಕಡೆ ಹಿಮ ಒಡೆದಿರುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಅದು ಗಂಟೆಗೆ 100 ಕಿಲೋಮೀಟರಿನ ಆಸುಪಾಸಿನ ವೇಗ ಪಡೆಯುತ್ತದೆ. ಸ್ಕೀಯಲ್ಲಿ ತಪ್ಪಿಸಿಕೊಂಡು ಓಡುವ ಮಾತು ಸಿನಿಮಾದಲ್ಲಿ ಚೆನ್ನ.

ಬಿರುಕು ಹೀಗೆ ಓಡುವುದರಿಂದ ಇಳಿಜಾರಿನ ಮೇಲೆ ಕಾಲಿಡಲೇಬೇಕೆಂದಿಲ್ಲ. ಕೆಳಗಿನ ಸಮತಟ್ಟಿನಲ್ಲಿ ನಡೆಯುವವರು ಮೇಲಿನ ಇಳಿಜಾರನ್ನು ತಮ್ಮ ಮೇಲೆ ಎಳೆದುಕೊಂಡ ಉದಾಹರಣೆಗಳಿವೆ. ಕೂಗಿದರೆ ಹಿಮ ಕುಸಿಯುತ್ತದೆ ಎಂಬ ಜನಪ್ರಿಯ ನಂಬಿಕೆಯಲ್ಲಿ ಮಾತ್ರ ಹುರುಳಿಲ್ಲ. ಮನುಷ್ಯನ ದನಿಯ ಒತ್ತಡ ಅದಕ್ಕೆ ಬೇಕಾದುದರ ಹತ್ತಿರಕ್ಕೂ ಬರುವುದಿಲ್ಲ.

ಸ್ಕೀಯರ್‌ನ ಭಾರದ ಪ್ರಭಾವ ಆಳಕ್ಕೆ ಹೋದಂತೆ ಕ್ಷೀಣಿಸುತ್ತದೆ. ಸುಮಾರು ಒಂದು ಮೀಟರಿಗಿಂತ ಕೆಳಗಿನ ಪದರವನ್ನು ಒಬ್ಬ ವ್ಯಕ್ತಿ ಕದಲಿಸುವುದು ಕಷ್ಟ. ಹಾಗಾಗಿ ಹಲಗೆ ದಪ್ಪವಿರುವ ಕಡೆ ಹತ್ತು ಜನ ಇಳಿದರೂ ಏನೂ ಆಗದೆ, ಬಂಡೆಯ ಪಕ್ಕದಲ್ಲಿ ಅದು ತೆಳುವಾಗಿರುವ ಕಡೆ ಹಾದ ಹನ್ನೊಂದನೆಯವನಿಗೆ ಎಲ್ಲವೂ ಕಳಚಬಹುದು. ಇಳಿಜಾರಿನಲ್ಲಿ ಬೇರೆಯವರ ಗೆರೆಗಳು ಕಾಣುತ್ತಿವೆ ಎಂಬುದು ಸುರಕ್ಷತೆಯ ಪುರಾವೆಯಾಗದಿರುವುದು ಇದರಿಂದಲೇ.

## ಎಷ್ಟು ಕಡಿದಾಗಿರಬೇಕು?

ಹಿಮದ ಬಗ್ಗೆ ಏನೂ ಗೊತ್ತಿಲ್ಲದವರೂ ಅಳೆಯಬಹುದಾದ ಸಂಗತಿ ಇಳಿಜಾರಿನ ಕೋನವೊಂದೇ. ಹಲಗೆ ಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. 38ರ ಆಸುಪಾಸು ಅತಿ ಹೆಚ್ಚು. 30ಕ್ಕಿಂತ ಕಡಿಮೆಯಿದ್ದರೆ ಜಾರಲು ಎಳೆತ ಸಾಲದು. ತೀರಾ ಕಡಿದಾದ ಕಡೆ ಹಿಮ ನಿಲ್ಲದೆ ಬಿದ್ದಂತೆಲ್ಲ ಉದುರಿಹೋಗುತ್ತದೆ. ಸ್ಕೀ ಮಾಡಲು ಅತ್ಯಂತ ಖುಷಿ ಕೊಡುವ ಇಳಿಜಾರೂ ಇದೇ 30 ದಾಟಿದ್ದು ಎಂಬುದು ಈ ಆಟದ ದುರದೃಷ್ಟ. ಕೋನ ಅಳೆಯಲು ಚಿಕ್ಕ ಉಪಕರಣಗಳಿವೆ, ಮೊಬೈಲ್ ಆ್ಯಪ್‌ಗಳೂ ಇವೆ. ಆದರೆ ತಾವು ನಿಂತ ಜಾಗದ ಕೋನ ನೋಡಿದರಷ್ಟೇ ಸಾಲದು, ತಲೆಯ ಮೇಲೆ ಏನಿದೆ ಎಂಬುದನ್ನೂ ನೋಡಬೇಕು. ಕೆಳಗೆ ಕಂದಕ, ತೊರೆಯ ಹಳ್ಳ ಅಥವಾ ಮರಗಳಿದ್ದರೆ ಚಿಕ್ಕ ಕುಸಿತವೂ ಮಾರಣಾಂತಿಕ. ಹಳ್ಳದಲ್ಲಿ ಹಿಮ ಆಳವಾಗಿ ತುಂಬಿಕೊಳ್ಳುತ್ತದೆ, ಮರಕ್ಕೆ ಅಪ್ಪಳಿಸಿದರೆ ಉಸಿರುಗಟ್ಟುವವರೆಗೂ ಕಾಯಬೇಕಿಲ್ಲ.

## ಗಾಳಿ ಮತ್ತು ಬಿಸಿಲು

ಆಕಾಶದಿಂದ ಹಿಮ ಬೀಳದ ದಿನವೂ ಇಳಿಜಾರಿನ ಮೇಲೆ ಹಿಮ ಏರಬಹುದು. ಗಾಳಿ ಬೆಟ್ಟದ ಒಂದು ಬದಿಯ ಹಿಮವನ್ನು ಹೊತ್ತು ಏಣಿನ (ಬೆಟ್ಟದ ನೆತ್ತಿಯ ಅಂಚಿನ) ಆಚೆಗೆ, ಗಾಳಿಮರೆಯ ಬದಿಗೆ ಸುರಿಯುತ್ತದೆ. ಹಿಮ ಬೀಳುವುದಕ್ಕಿಂತ ಹಲವು ಪಟ್ಟು ವೇಗದಲ್ಲಿ ಈ ಸಾಗಣೆ ನಡೆಯಬಲ್ಲದು. ಸಾಗುವಾಗ ಕಣಗಳು ಪುಡಿಯಾಗುವುದರಿಂದ ಬಿದ್ದಲ್ಲಿ ಒತ್ತಾಗಿ ಬೆಸೆದುಕೊಂಡು ಸೊಗಸಾದ ಹಲಗೆಯಾಗುತ್ತವೆ. ಶಿಖರದಿಂದ ಹಿಮದ ಧೂಳು ಬಾವುಟದಂತೆ ಹಾರುತ್ತಿದ್ದರೆ ಅದು ಬೀಳುತ್ತಿರುವ ಬದಿಯಿಂದ ದೂರವಿರಬೇಕು.

ಬಿಸಿಲಿನದು ಬೇರೆ ಕಥೆ. ಫೆಬ್ರವರಿ ಕೊನೆಯಿಂದ ಸೂರ್ಯ ಬಲವಾದಂತೆ ಕರಗಿದ ನೀರು ಕೆಳಗಿಳಿದು ಕಣಗಳ ಬೆಸುಗೆ ಬಿಡಿಸುತ್ತದೆ. ಇಂಥ ಒದ್ದೆ ಕುಸಿತಗಳು ನಿಧಾನ, ಆದರೆ ಬಹಳ ಭಾರ. ಬೆಳಿಗ್ಗೆ ಪೂರ್ವದ ಬದಿ, ಮಧ್ಯಾಹ್ನ ದಕ್ಷಿಣ ಮತ್ತು ಪಶ್ಚಿಮ ಎಂದು ಅಪಾಯ ಸೂರ್ಯನ ಜೊತೆ ಸುತ್ತುತ್ತದೆ. ಬಿಸಿಲು ತಾಗದ ಉತ್ತರದ ಬದಿಯಲ್ಲಿ ಈ ತೊಂದರೆ ಕಡಿಮೆ. ಆದರೆ ಅಲ್ಲಿ ಹಳೆಯ ದುರ್ಬಲ ಪದರಗಳು ಬಹುಕಾಲ ವಾಸಿಯಾಗದೆ ಉಳಿಯುತ್ತವೆ.

## ಹಿಮಾಲಯದಲ್ಲೇ ಮೂರು ಬಗೆ

ಹಿಮಾಲಯದ ಹಿಮ ಎಲ್ಲ ಕಡೆ ಒಂದೇ ಥರ ವರ್ತಿಸುವುದಿಲ್ಲ. ಗುಲ್ಮಾರ್ಗ್ ಇರುವ ಪೀರ್ ಪಂಜಾಲ್ ಸಾಲಿನಲ್ಲಿ ಹಿಮ ಧಾರಾಳ, ಚಳಿ ತುಲನಾತ್ಮಕವಾಗಿ ಕಡಿಮೆ. ಬಿರುಗಾಳಿಯ ಸಮಯ ಮತ್ತು ಅದರ ಬೆನ್ನಿಗೇ ಬರುವ ದಿನಗಳೇ ಅಲ್ಲಿ ಹೆಚ್ಚು ಅಪಾಯಕಾರಿ. ನಂತರ ಹಿಮ ಸಾಮಾನ್ಯವಾಗಿ ಬೇಗ ಕುದುರಿಕೊಳ್ಳುತ್ತದೆ. ಸಿಯಾಚಿನ್ ಇರುವ ಕಾರಕೋರಂನಲ್ಲಿ ಒಣ ಚಳಿ ವಿಪರೀತ, ದುರ್ಬಲ ಪದರಗಳಿಗೆ ಆಯುಷ್ಯ ಹೆಚ್ಚು. ಎರಡರ ನಡುವಿನ ಮಹಾ ಹಿಮಾಲಯದಲ್ಲಿ ಎರಡರ ಗುಣವೂ ಬೆರೆತಿರುತ್ತದೆ.

ಆದರೆ ಪೀರ್ ಪಂಜಾಲ್‌ನಲ್ಲೂ ಕೆಲವು ವರ್ಷ ಲೆಕ್ಕ ತಪ್ಪುತ್ತದೆ. ಕಾಶ್ಮೀರಿಗಳು ಡಿಸೆಂಬರ್ 21ರಿಂದ ಎಣಿಸುವ 40 ದಿನಗಳ ಕಡುಚಳಿಗೆ ಚಿಲ್ಲಾಯ್ ಕಲಾನ್ ಎಂದು ಹೆಸರು. ದೊಡ್ಡ ಹಿಮ ಬೀಳಬೇಕಾದ ಕಾಲ ಅದು. 2023-24ರಲ್ಲಿ ಆ ದಿನಗಳು ಬಹುತೇಕ ಒಣಗಿಯೇ ಕಳೆದವು. ಜನವರಿಯಲ್ಲಿ ಗುಲ್ಮಾರ್ಗ್‌ನ ಕಂದು ಹುಲ್ಲಿನ ಚಿತ್ರಗಳು ದೇಶದ ಪತ್ರಿಕೆಗಳಲ್ಲೆಲ್ಲ ಬಂದವು. ಜನವರಿ ಕೊನೆಗೆ ಹಿಮ ಶುರುವಾಗಿ, ಫೆಬ್ರವರಿ ಮೂರನೇ ವಾರ ಮತ್ತೆ ಭಾರಿಯಾಗಿ ಬಿತ್ತು. ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳು ಗುಲ್ಮಾರ್ಗ್‌ನಲ್ಲಿ ನಡೆಯುತ್ತಿದ್ದಾಗಲೇ, ರಷ್ಯಾದ ಸ್ಕೀಯರ್ ಸತ್ತ ಫೆಬ್ರವರಿ 22ರ ದುರಂತ ಸಂಭವಿಸಿತು. ಕಡಿಮೆ ಹಿಮ, ದೀರ್ಘ ಚಳಿ, ಆಮೇಲೆ ಒಮ್ಮೆಲೇ ದೊಡ್ಡ ಹೊರೆ: ಹಿಮ ಬಲ್ಲವರು ಅತಿ ಹೆಚ್ಚು ಅಂಜುವ ಅನುಕ್ರಮ ಇದು. ಪ್ರವಾಸಿಗರು "ಅಂತೂ ಹಿಮ ಬಂತು" ಎಂದು ಟಿಕೆಟ್ ಕಾಯ್ದಿರಿಸುವುದೂ ಸರಿಯಾಗಿ ಆ ವಾರವೇ.

## ಮುನ್ಸೂಚನೆಯನ್ನು ಓದುವುದು ಹೇಗೆ?

ಭಾರತದಲ್ಲಿ ಹಿಮಕುಸಿತದ ಮುನ್ಸೂಚನೆ ತಯಾರಿಸುವುದು ಚಂಡೀಗಢದಲ್ಲಿರುವ, ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ (ಡಿಆರ್‌ಡಿಒ) ಡಿಜಿಆರ್‌ಇ ಎಂಬ ಪ್ರಯೋಗಾಲಯ. ಮೊದಲು ಮನಾಲಿಯಲ್ಲಿ ಶುರುವಾಗಿದ್ದ ಸಾಸೆ ಎಂಬ ಹಿಮ ಅಧ್ಯಯನ ಸಂಸ್ಥೆಯನ್ನು 2020ರಲ್ಲಿ ಇನ್ನೊಂದು ಪ್ರಯೋಗಾಲಯದೊಂದಿಗೆ ಸೇರಿಸಿ ಇದನ್ನು ರೂಪಿಸಲಾಯಿತು. ಅದರ ಮಾಹಿತಿಯನ್ನು ರಾಜ್ಯಗಳ ವಿಪತ್ತು ನಿರ್ವಹಣಾ ಪ್ರಾಧಿಕಾರಗಳು ಜನರಿಗೆ ತಲುಪಿಸುತ್ತವೆ.

ಜಗತ್ತಿನ ಹೆಚ್ಚಿನ ಕಡೆ ಬಳಕೆಯಲ್ಲಿರುವುದು ಐದು ಹಂತಗಳ ಅಳತೆ. ಯುರೋಪಿನ ದೇಶಗಳು 1993ರಲ್ಲಿ ಇದನ್ನು ಒಪ್ಪಿಕೊಂಡವು. 1 ಕಡಿಮೆ, 2 ಮಧ್ಯಮ, 3 ಗಣನೀಯ, 4 ಹೆಚ್ಚು, 5 ಅತಿ ಹೆಚ್ಚು. ಐದರಲ್ಲಿ ಮೂರು ಎಂದಾಗ ನಮ್ಮ ಮನಸ್ಸು ಅದನ್ನು ಸರಾಸರಿ ಎಂದು ಓದುತ್ತದೆ. ಆದರೆ ಈ ಹಂತಗಳು ಸಮಾನ ಅಂತರದ ಮೆಟ್ಟಿಲುಗಳಲ್ಲ, ಪ್ರತಿ ಹಂತಕ್ಕೂ ಅಪಾಯ ಹಲವು ಪಟ್ಟು ಏರುತ್ತದೆ. 3ನೇ ಹಂತದ ಅರ್ಥ ಇದು: ಹಿಮ ತಾನಾಗಿ ಕುಸಿಯುವುದು ಸಾಧ್ಯ, ಮನುಷ್ಯ ಕಾಲಿಟ್ಟರೆ ಕುಸಿಯುವ ಸಂಭವ ಹೆಚ್ಚು. ಯುರೋಪು ಮತ್ತು ಉತ್ತರ ಅಮೆರಿಕದಲ್ಲಿ ಅತಿ ಹೆಚ್ಚು ಜನ ಸಾಯುವುದು ಈ ಹಂತದ ದಿನಗಳಲ್ಲೇ. 4 ಮತ್ತು 5ರಲ್ಲಿ ಬೆಟ್ಟ ತಾನಾಗಿ ಗುಡುಗುತ್ತಿರುತ್ತದೆ, ಜನ ಹೆದರಿ ಕೆಳಗೇ ಉಳಿಯುತ್ತಾರೆ. 3ರ ದಿನ ಬಿಸಿಲು ಹೊಳೆಯುತ್ತಿರುತ್ತದೆ, ಹೊಸ ಹಿಮ ಕರೆಯುತ್ತಿರುತ್ತದೆ, ಬೆಟ್ಟ ಯಾವ ಸದ್ದನ್ನೂ ಮಾಡುವುದಿಲ್ಲ.

ಇನ್ನೊಂದು ಮಿತಿಯೂ ಇದೆ. ಭಾರತದ ಎಚ್ಚರಿಕೆಗಳು ಜಿಲ್ಲೆ ಮತ್ತು ಎತ್ತರದ ಲೆಕ್ಕದಲ್ಲಿ ಬರುತ್ತವೆ. ಒಂದು ಜಿಲ್ಲೆಯಲ್ಲಿ ನೂರಾರು ಇಳಿಜಾರುಗಳು, ಒಂದೊಂದರ ಮುಖ ಒಂದೊಂದು ದಿಕ್ಕಿಗೆ. ಎದುರಿಗಿರುವ ಇಳಿಜಾರಿನ ಬಗ್ಗೆ ತೀರ್ಮಾನಿಸುವ ಹೊಣೆ ಅದರ ಮುಂದೆ ನಿಂತವರದೇ.

## ಹಿಮವೇ ಕೊಡುವ ಸುಳಿವು

ಹತ್ತಿರದ ಇಳಿಜಾರಿನಲ್ಲಿ ಹೊಸ ಕುಸಿತದ ಗುರುತಿದ್ದರೆ ಅದಕ್ಕಿಂತ ಖಚಿತ ಎಚ್ಚರಿಕೆ ಬೇರೆ ಬೇಕಿಲ್ಲ. ಸ್ಕೀಯ ತುದಿಯಿಂದ ಹಿಮದಲ್ಲಿ ಬಿರುಕು ಮುಂದಕ್ಕೆ ಹರಿಯುವುದು ಇನ್ನೊಂದು. ಕಾಲಿಟ್ಟಾಗ ಒಳಗಿನಿಂದ "ಧುಮ್" ಎಂಬ ಭಾರವಾದ ಸದ್ದು ಬಂದು ಹಿಮ ತುಸು ಕುಸಿದಂತಾದರೆ, ಕೆಳಗಿನ ದುರ್ಬಲ ಪದರ ಆ ಕ್ಷಣ ಮುರಿಯಿತು ಎಂದರ್ಥ. ಸಮತಟ್ಟಿನಲ್ಲಿ ಇದ್ದುದರಿಂದ ಬದುಕಿದಿರಿ, ಅಷ್ಟೇ. ಕಳೆದ ಒಂದೆರಡು ದಿನಗಳಲ್ಲಿ ಭಾರಿ ಹಿಮ, ಜೋರು ಗಾಳಿ, ದಿಢೀರನೆ ಏರಿದ ಉಷ್ಣತೆ, ಇವೂ ಲೆಕ್ಕಕ್ಕೆ ಬರುತ್ತವೆ.

ತರಬೇತಿ ಪಡೆದವರು ಗುಂಡಿ ತೋಡಿಯೂ ಪರೀಕ್ಷಿಸುತ್ತಾರೆ. 90 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ದಪ್ಪದ ಹಿಮದ ಕಂಬವೊಂದನ್ನು ಸುತ್ತಲಿನ ಹಿಮದಿಂದ ಬಿಡಿಸಿ, ಅದರ ಒಂದು ತುದಿಯ ಮೇಲೆ ಸಲಿಕೆ ಇಟ್ಟು ತಟ್ಟುತ್ತಾರೆ. ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಏಟು. ಬಿರುಕು ಈ ತುದಿಯಿಂದ ಆ ತುದಿಗೆ ಒಮ್ಮೆಲೇ ಓಡಿದರೆ ಆ ಇಳಿಜಾರಿಗೆ ಹೋಗುವುದಿಲ್ಲ. ಓಡದಿದ್ದರೆ? ಆಗಲೂ ಸುರಕ್ಷಿತ ಎನ್ನಲಾಗದು, ಏಕೆಂದರೆ ಇಪ್ಪತ್ತು ಹೆಜ್ಜೆ ಆಚೆ ಪದರಗಳು ಬೇರೆ ಇರಬಹುದು. ಈ ಪರೀಕ್ಷೆಯ ಫಲಿತಾಂಶ ಹಿಂದಿರುಗಲು ಒಳ್ಳೆಯ ಕಾರಣ, ಮುಂದುವರಿಯಲು ದುರ್ಬಲ ಕಾರಣ.

## ಹೂತುಹೋದ ಮೇಲಿನ ನಿಮಿಷಗಳು

ಕುಸಿತ ನಿಂತ ಕ್ಷಣದಿಂದ ಹಿಮ ಬಿಗಿಯತೊಡಗುತ್ತದೆ. ಪುಡಿಯಾದ ಕಣಗಳು ಒಂದಕ್ಕೊಂದು ಬೆಸೆದುಕೊಂಡು, ಒಳಗಿದ್ದವರಿಗೆ ಬೆರಳನ್ನೂ ಅಲುಗಿಸಲಾಗದಂತೆ ಗಟ್ಟಿಯಾಗುತ್ತದೆ. ಹೆಚ್ಚಿನವರು ಸಾಯುವುದು ಚಳಿಯಿಂದಲ್ಲ, ಉಸಿರುಗಟ್ಟಿ. ಬಿಟ್ಟ ಉಸಿರಿನ ತೇವ ಮುಖದ ಸುತ್ತ ಹೆಪ್ಪುಗಟ್ಟಿ ಗಾಳಿಯ ದಾರಿ ಮುಚ್ಚುತ್ತದೆ. ಸ್ವಿಟ್ಜರ್ಲೆಂಡಿನ ನಾಲ್ಕು ದಶಕಗಳ ದಾಖಲೆ ಆಧರಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೊದಲ 10 ನಿಮಿಷಗಳಲ್ಲಿ ಹೊರತೆಗೆದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬದುಕಿದ್ದರು. ಅರ್ಧ ಗಂಟೆಯ ಹೊತ್ತಿಗೆ ಅದು ಮೂರರಲ್ಲಿ ಒಬ್ಬರಿಗೆ ಇಳಿಯುತ್ತದೆ.

ಇಲ್ಲಿ ಕನ್ನಡಿಗರಿಗೆ ಒಂದು ಹೆಸರು ನೆನಪಾಗದಿರದು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯಲ್ಲಿ ಒಂಬತ್ತು ಸಂಗಡಿಗರೊಂದಿಗೆ ಹಿಮದಡಿ ಹೂತುಹೋದರು. ಆರನೇ ದಿನ ಜೀವಂತವಾಗಿ ಸಿಕ್ಕರು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಹಾಗಿದ್ದರೆ 10 ನಿಮಿಷದ ಲೆಕ್ಕ ಸುಳ್ಳೇ? ಅಲ್ಲ. ಅವರು ಇದ್ದ ಗುಡಾರದ ಆಶ್ರಯದಲ್ಲಿ ಗಾಳಿಗೆ ಒಂದಿಷ್ಟು ಜಾಗ ಉಳಿದಿತ್ತು. ಬಯಲಿನಲ್ಲಿ ಕೊಚ್ಚಿಹೋದ ಸ್ಕೀಯರ್‌ಗೆ ಆ ಜಾಗ ಸಿಗುವುದಿಲ್ಲ.

ಗುಲ್ಮಾರ್ಗ್‌ನ ಪೊಲೀಸರು, ಗಸ್ತು ತಂಡ, ಸೇನೆ ಎಷ್ಟೇ ಚುರುಕಾಗಿ ಹೊರಟರೂ 10 ನಿಮಿಷದೊಳಗೆ ಏಣಿನಾಚೆ ತಲುಪುವುದು ಕಷ್ಟ. ಬದುಕಿಸುವವರು ಜೊತೆಗಿದ್ದವರೇ. ಅದಕ್ಕೆ ಮೂರು ಸಲಕರಣೆ ಬೇಕು, ಮೂರೂ ಪ್ರತಿಯೊಬ್ಬರ ಬಳಿ ಇರಬೇಕು. ಮೊದಲನೆಯದು ಟ್ರಾನ್ಸೀವರ್: ಮೈಗೆ ಕಟ್ಟಿಕೊಳ್ಳುವ ಚಿಕ್ಕ ಯಂತ್ರ, ಜಗತ್ತಿನಾದ್ಯಂತ ಒಂದೇ 457 ಕಿಲೋಹರ್ಟ್ಸ್ ತರಂಗದಲ್ಲಿ ಸಂಕೇತ ಕಳಿಸುತ್ತಿರುತ್ತದೆ. ಹುಡುಕುವವರು ತಮ್ಮದನ್ನು ಗ್ರಹಿಸುವ ಸ್ಥಿತಿಗೆ ಬದಲಿಸಿ ಆ ಸಂಕೇತದ ಜಾಡು ಹಿಡಿಯುತ್ತಾರೆ. ಎರಡನೆಯದು ಪ್ರೋಬ್, ಮಡಚಿ ಇಟ್ಟುಕೊಳ್ಳುವ ಉದ್ದನೆಯ ಸರಳು. ಹಿಮದೊಳಗೆ ಚುಚ್ಚಿ ದೇಹ ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ಖಚಿತಪಡಿಸಿಕೊಳ್ಳಲು. ಮೂರನೆಯದು ಲೋಹದ ಸಲಿಕೆ. ಗಾಳಿ ತುಂಬಿದ ಚೀಲ ಬಿಚ್ಚಿಕೊಳ್ಳುವ ಬೆನ್ನುಚೀಲಗಳೂ ಬಂದಿವೆ. ಹರಿಯುವ ಹಿಮದಲ್ಲಿ ದೊಡ್ಡ ಗಾತ್ರದ ವಸ್ತು ಮೇಲಕ್ಕೆ ಬರುತ್ತದೆ ಎಂಬ ತತ್ತ್ವ ಅವುಗಳದು. ಆದರೆ ಮರಕ್ಕೋ ಬಂಡೆಗೋ ಬಡಿಯುವುದನ್ನು ಅವು ತಪ್ಪಿಸುವುದಿಲ್ಲ.

ಬಾಡಿಗೆಗೆ ತಂದ ಟ್ರಾನ್ಸೀವರ್ ಚೀಲದಲ್ಲಿದ್ದರೆ ಪ್ರಯೋಜನವಿಲ್ಲ. ಹೊರಡುವ ಮುನ್ನ ಒಬ್ಬರು ಮುಂದೆ ನಿಂತು ತಮ್ಮದನ್ನು ಗ್ರಹಿಸುವ ಸ್ಥಿತಿಯಲ್ಲಿಡಬೇಕು, ಉಳಿದವರು ಒಬ್ಬೊಬ್ಬರಾಗಿ ಅವರೆದುರು ಹಾದುಹೋಗಬೇಕು. ಕೊನೆಗೆ ನಿಂತವರದನ್ನೂ ಬೇರೊಬ್ಬರು ಪರೀಕ್ಷಿಸಬೇಕು. ಬ್ಯಾಟರಿ ಸತ್ತದ್ದು, ಗುಂಡಿ ಒತ್ತದೆ ಮರೆತದ್ದು ಅಲ್ಲೇ ಗೊತ್ತಾಗುತ್ತದೆ. ಮೊಬೈಲ್ ಫೋನ್ ಸಂಕೇತಕ್ಕೆ ಅಡ್ಡಿಮಾಡುವುದರಿಂದ ಅದನ್ನು ಟ್ರಾನ್ಸೀವರ್‌ನಿಂದ ಕನಿಷ್ಠ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರ ಇಡಬೇಕು. ಎದೆಯ ಜೇಬಿನಲ್ಲಿ ಫೋನ್ ಇಟ್ಟುಕೊಳ್ಳುವ ಅಭ್ಯಾಸವಿದ್ದವರು ಅದನ್ನು ಪ್ಯಾಂಟಿನ ಜೇಬಿಗೆ ಬದಲಿಸಿಕೊಂಡು ಹೊರಡುವುದು ಲೇಸು.